ವೈದ್ಯಕೀಯ ವಿನಾಯಿತಿ: ಸೇನಾಧಿಕಾರಿ ತರಬೇತಿಯ ಪ್ರವೇಶದಲ್ಲಿ

ಸೇನಾಧಿಕಾರಿ ತರಬೇತಿಗೆ ಅರ್ಜಿ ಹಾಕಿದವರಲ್ಲಿ ಮಾನದಂಡಕ್ಕೆ ಹೊಂದದ ಕಾಯಿಲೆಯೋ ಊನವೋ ಹಳೆಯ ಚಿಕಿತ್ಸೆಯೋ ಕಂಡುಬಂದಾಗ, ಅದನ್ನು ತಿಳಿದೂ ಅವರನ್ನು ಸೇರಿಸಿಕೊಳ್ಳಲು ಸೇನೆ ಕೊಡುವ ಲಿಖಿತ ಅನುಮತಿಯನ್ನು ವೈದ್ಯಕೀಯ ವಿನಾಯಿತಿ ಎನ್ನುತ್ತಾರೆ. ಈ ಪದ್ಧತಿ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿನ ಸೇನಾ ಅಕಾಡೆಮಿಗಳು, ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಮೀಸಲು ಅಧಿಕಾರಿ ತರಬೇತಿ ಪಡೆ (ಆರ್‌ಒಟಿಸಿ), ಪದವೀಧರರಿಗಾಗಿ ಇರುವ ಅಧಿಕಾರಿ ತರಬೇತಿ ಶಾಲೆಗಳು, ಸೇನಾ ವೈದ್ಯರನ್ನು ತಯಾರಿಸುವ ಬೆಥೆಸ್ಡಾದ ವೈದ್ಯಕೀಯ ವಿಶ್ವವಿದ್ಯಾಲಯ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಈ ಲೇಖನ ಮುಖ್ಯವಾಗಿ ಅಮೆರಿಕದ ಪದ್ಧತಿಯನ್ನು ಕುರಿತದ್ದು. ಭಾರತದಲ್ಲಿ ವಿನಾಯಿತಿಗಿಂತ ಮೇಲ್ಮನವಿಗೆ ಪ್ರಾಧಾನ್ಯ. ಅದರ ಸಂಕ್ಷಿಪ್ತ ವಿವರ ಕೊನೆಯಲ್ಲಿದೆ.

ಅನರ್ಹತೆ ಮತ್ತು ವಿನಾಯಿತಿ

ಅಭ್ಯರ್ಥಿಗಳೂ ಅವರ ತಂದೆತಾಯಿಯರೂ ಮೊದಲು ಅರಿಯಬೇಕಾದ ಸಂಗತಿಯೊಂದಿದೆ. ಅನರ್ಹತೆಯ ಟಿಪ್ಪಣಿ ಬಂದಿತೆಂದರೆ ದಾರಿ ಮುಚ್ಚಿತೆಂದು ಅರ್ಥವಲ್ಲ; ವಿನಾಯಿತಿ ಸಿಕ್ಕಿತೆಂದರೆ ಆ ಟಿಪ್ಪಣಿ ತಪ್ಪಾಗಿತ್ತೆಂದೂ ಅಲ್ಲ. ಅನರ್ಹತೆ ವೈದ್ಯಕೀಯ ನಿರ್ಣಯ: ಇಂಥ ಕಾಯಿಲೆಯ ಇತಿಹಾಸ ಇದೆ, ಇಂಥ ನಿಯಮಕ್ಕೆ ಹೊಂದುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ವಿನಾಯಿತಿ ಆಡಳಿತದ ನಿರ್ಣಯ: ಈ ಅಭ್ಯರ್ಥಿಯಿಂದ ಸೇನೆಗೆ ಆಗುವ ಪ್ರಯೋಜನಕ್ಕಾಗಿ ಆ ಕಾಯಿಲೆಯ ಅಪಾಯವನ್ನು ಹೊರಬಹುದೇ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ. ಎರಡನ್ನೂ ಬೇರೆ ಬೇರೆ ಕಚೇರಿಗಳು, ಬೇರೆ ಬೇರೆ ಅಧಿಕಾರದಿಂದ ಮಾಡುತ್ತವೆ. ವಿನಾಯಿತಿಯ ಬಗೆಗಿನ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸವನ್ನು ಗಮನಿಸದೆ ಹುಟ್ಟಿದವು.

ಮಾನದಂಡಗಳು ರಕ್ಷಣಾ ಇಲಾಖೆಯ 6130.03 ಸಂಖ್ಯೆಯ ಆದೇಶದಲ್ಲಿವೆ. 2018ರಲ್ಲಿ ಜಾರಿಗೆ ಬಂದ ಪರಿಷ್ಕೃತ ರೂಪದ ಮೊದಲ ಸಂಪುಟ ಹೊಸದಾಗಿ ಸೇರುವವರಿಗೆ ಸಂಬಂಧಿಸಿದ್ದು. ಈಗಾಗಲೇ ಸೇವೆಯಲ್ಲಿರುವವರು ಮುಂದುವರಿಯಬಹುದೇ ಎಂಬುದಕ್ಕೆ ಎರಡನೆಯ ಸಂಪುಟವಿದೆ. ಎರಡರಲ್ಲಿ ಮೊದಲನೆಯದೇ ಬಿಗಿ. ಸೇವೆಯಲ್ಲಿರುವ ಅಧಿಕಾರಿಗೆ ಬಂದರೆ ಚಿಕಿತ್ಸೆ ಕೊಟ್ಟು ಉಳಿಸಿಕೊಳ್ಳುವ ಕಾಯಿಲೆಯೇ ಹೊಸಬರನ್ನು ಬಾಗಿಲಲ್ಲೇ ತಡೆಯಬಹುದು.

ಇಷ್ಟು ಬಿಗಿಗೆ ಆಧಾರವಾಗಿ ಆದೇಶ ಐದು ಅಪೇಕ್ಷೆಗಳನ್ನು ಮುಂದಿಡುತ್ತದೆ. ಸೇರುವವರಲ್ಲಿ ಇತರರಿಗೆ ಹರಡುವ ರೋಗವಿರಬಾರದು. ಚಿಕಿತ್ಸೆಗಾಗಿ ಹೆಚ್ಚು ದಿನ ಕೆಲಸ ತಪ್ಪುವಂತಿರಬಾರದು. ತರಬೇತಿ ಮುಗಿಸುವ ಶಕ್ತಿಯಿರಬೇಕು. ಯಾವ ಭೂಭಾಗಕ್ಕೆ ಕಳುಹಿಸಿದರೂ ಅಲ್ಲಿಗೆ ಒಗ್ಗಿಕೊಳ್ಳಬೇಕು. ಕರ್ತವ್ಯದಿಂದಾಗಿ ಮೊದಲೇ ಇದ್ದ ದೋಷ ಉಲ್ಬಣಿಸಬಾರದು. ವಿನಾಯಿತಿಯ ಕಡತ ನೋಡುವ ವೈದ್ಯಾಧಿಕಾರಿ ಕೇಳಿಕೊಳ್ಳುವುದೂ ಈ ಐದನ್ನೇ. ಅಭ್ಯರ್ಥಿ ಊರಿನಲ್ಲಿ ಆರೋಗ್ಯವಾಗಿ ಓಡಾಡಿಕೊಂಡಿರುವುದು ಅದಕ್ಕೆ ಪೂರ್ತಿ ಉತ್ತರವಾಗದು. ಔಷಧಿ ಅಂಗಡಿಯೂ ತಜ್ಞ ವೈದ್ಯರೂ ಇಲ್ಲದ ಕಡೆ ಆರು ತಿಂಗಳು ಇದ್ದರೆ ಏನಾದೀತು ಎಂಬುದನ್ನು ಅವರು ಅಂದಾಜು ಮಾಡಬೇಕು.

ವಿನಾಯಿತಿ ಅಪರೂಪದ ಔದಾರ್ಯವೆಂಬ ಭಾವನೆಯೂ ಸರಿಯಲ್ಲ. 17ರಿಂದ 24 ವರ್ಷದ ಅಮೆರಿಕನ್ ಯುವಜನರಲ್ಲಿ ಶೇ. 77ರಷ್ಟು ಮಂದಿ ಯಾವುದಾದರೊಂದು ವಿನಾಯಿತಿ ಇಲ್ಲದೆ ಸೇನೆ ಸೇರಲು ಅರ್ಹರಲ್ಲ ಎಂದು ರಕ್ಷಣಾ ಇಲಾಖೆಯ 2020ರ ಅಧ್ಯಯನ ಅಂದಾಜು ಮಾಡಿತು. ದೇಹತೂಕ, ಮಾದಕವಸ್ತು, ಅಪರಾಧದ ದಾಖಲೆ ಮೊದಲಾದ ಕಾರಣಗಳೂ ಇದರಲ್ಲಿ ಸೇರಿವೆ, ಎಲ್ಲವೂ ವೈದ್ಯಕೀಯವಲ್ಲ. ಆದರೂ ಮಾನದಂಡವನ್ನು ಅಕ್ಷರಶಃ ಪಾಲಿಸಿದರೆ ಸೇನೆಗೆ ಸಿಗುವವರು ಎಷ್ಟು ಕಡಿಮೆ ಎಂಬುದಕ್ಕೆ ಈ ಅಂಕಿಯೇ ಸಾಕು.

ಇತಿಹಾಸ

ವೆಸ್ಟ್ ಪಾಯಿಂಟ್‌ನ ಮಿಲಿಟರಿ ಅಕಾಡೆಮಿ 1802ರಲ್ಲಿ, ಅನ್ನಾಪೊಲಿಸ್‌ನ ನೌಕಾ ಅಕಾಡೆಮಿ 1845ರಲ್ಲಿ ಆರಂಭವಾದವು. ಬಹುಕಾಲ ಪ್ರತಿ ಅಕಾಡೆಮಿಯೂ ತನ್ನ ತಪಾಸಣೆಯನ್ನು ತಾನೇ ನಡೆಸುತ್ತಿತ್ತು. ಆ ಕಾಲದಲ್ಲಿ ವಿನಾಯಿತಿಗೆ ನಿರ್ದಿಷ್ಟ ಕ್ರಮವಿದ್ದಂತೆ ತೋರುವುದಿಲ್ಲ. ಪ್ರಸಿದ್ಧ ಅಧಿಕಾರಿಗಳ ಜೀವನಚರಿತ್ರೆಗಳಿಂದ ಆ ಕಾಲದ ರೂಢಿಯನ್ನು ಊಹಿಸಬಹುದು.

ಡಗ್ಲಸ್ ಮೆಕಾರ್ಥರ್ ವೆಸ್ಟ್ ಪಾಯಿಂಟ್ ಸೇರಲು ಹೊರಟಾಗ ಬೆನ್ನೆಲುಬು ಬಾಗಿದೆಯೆಂದು ವೈದ್ಯರು ತಡೆದರು. ಮಿಲ್ವಾಕಿ ನಗರದಲ್ಲಿ ವೈದ್ಯರೊಬ್ಬರ ಬಳಿ ದೀರ್ಘಕಾಲ ವ್ಯಾಯಾಮ ಮಾಡಿ, ಬೆನ್ನು ಸರಿಪಡಿಸಿಕೊಂಡು, 1899ರಲ್ಲಿ ಅವರು ಪ್ರವೇಶ ಪಡೆದರು. ಇದನ್ನು ವಿನಾಯಿತಿ ಎನ್ನಲಾಗದು. ದೋಷ ನೀಗಿಸಿಕೊಂಡು ಮತ್ತೆ ತಪಾಸಣೆಗೆ ನಿಲ್ಲುವ ಈ ಮಾರ್ಗ ಇಂದಿಗೂ ತೆರೆದಿದೆ, ಸಾಧ್ಯವಿರುವಲ್ಲಿ ಇದೇ ಅತ್ಯುತ್ತಮ.

ಮುಂದೆ ಅಮೆರಿಕದ ಅಧ್ಯಕ್ಷರಾದ ಹ್ಯಾರಿ ಟ್ರೂಮನ್ ಅವರಿಗೂ ವೆಸ್ಟ್ ಪಾಯಿಂಟ್ ಸೇರುವ ಆಸೆಯಿತ್ತು. ದೃಷ್ಟಿದೋಷದಿಂದ ಅದು ಕೈಗೂಡಲಿಲ್ಲ. ಕನ್ನಡಕವಿಲ್ಲದೆ ಅವರ ಬಲಗಣ್ಣಿನ ದೃಷ್ಟಿ 20/50, ಎಡಗಣ್ಣಿನದು 20/400. ಎಡಗಣ್ಣು ಹೆಚ್ಚುಕಡಿಮೆ ಉಪಯೋಗಕ್ಕೆ ಬಾರದಂತಿತ್ತು. 1905ರಲ್ಲಿ ಮಿಸೌರಿಯ ನ್ಯಾಷನಲ್ ಗಾರ್ಡ್ ಸೇರುವಾಗ ಅವರು ಅಕ್ಷರಗಳ ಫಲಕವನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದರೆಂಬ ಕತೆ ಪ್ರಚಲಿತವಾಗಿದೆ. 1917ರಲ್ಲಿ ಅವರು ಅಧಿಕಾರಿಯಾದರು. ಮರುವರ್ಷ ಫ್ರಾನ್ಸಿನಲ್ಲಿ ಫಿರಂಗಿದಳದ ಬ್ಯಾಟರಿಯೊಂದನ್ನು ನಡೆಸಿದರು. ಅವರ ದಳದವರು ಅವರನ್ನು ಜೀವನಪರ್ಯಂತ ಗೌರವಿಸಿದರು. ಹಾಗೆಂದು ಆ ಕತೆಯನ್ನು ಇಂದಿನ ಅಭ್ಯರ್ಥಿಗಳು ಮಾದರಿಯಾಗಿ ತೆಗೆದುಕೊಳ್ಳಬಾರದು. ಕಾರಣ ಮುಂದೆ ಬರುತ್ತದೆ.

ಇಂದಿನ ವಿನಾಯಿತಿಗೆ ಅತ್ಯಂತ ಹತ್ತಿರವಾದ ಹಳೆಯ ಉದಾಹರಣೆ ಡ್ವೈಟ್ ಐಸೆನ್‌ಹೋವರ್ ಅವರದು. 1911ರಲ್ಲಿ ವೆಸ್ಟ್ ಪಾಯಿಂಟ್ ಸೇರಿದ ಅವರಿಗೆ 1912ರಲ್ಲಿ ಫುಟ್‌ಬಾಲ್ ಆಟದಲ್ಲಿ ಮಂಡಿಗೆ ಪೆಟ್ಟಾಯಿತು. ಅದು ಮಾಗುವ ಮೊದಲೇ ಕುದುರೆ ಸವಾರಿಯ ಕವಾಯತಿನಲ್ಲಿ ಮಂಡಿಗೆ ಮತ್ತೆ ಪೆಟ್ಟಾಯಿತು. 1915ರಲ್ಲಿ ತರಬೇತಿ ಮುಗಿಯುವ ಹೊತ್ತಿಗೆ ಅವರಿಗೆ ಕಮಿಷನ್, ಅಂದರೆ ಅಧಿಕಾರಿ ಹುದ್ದೆ, ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿತು. ಮುಂದೆ ಮಂಡಿ ಕೈಕೊಟ್ಟರೆ ಸರ್ಕಾರ ಪಿಂಚಣಿ ತೆರಬೇಕಾಗುತ್ತದೆ ಎಂಬುದು ಆಕ್ಷೇಪ. ಅಕಾಡೆಮಿಯ ಮುಖ್ಯ ವೈದ್ಯಾಧಿಕಾರಿ ಮೊದಲು ಕರಾವಳಿ ಫಿರಂಗಿದಳವನ್ನು ಸೂಚಿಸಿದರು. ಐಸೆನ್‌ಹೋವರ್ ಒಪ್ಪಲಿಲ್ಲ. ಕುದುರೆ ಏರುವ ದಳಗಳನ್ನು ಕೇಳುವುದಿಲ್ಲವೆಂದಾದರೆ ಶಿಫಾರಸು ಮಾಡುವುದಾಗಿ ವೈದ್ಯಾಧಿಕಾರಿ ಹೇಳಿದರು. ಐಸೆನ್‌ಹೋವರ್ ಪದಾತಿದಳ ಕೇಳಿ ಪಡೆದರು. ದೋಷವನ್ನು ಒಪ್ಪಿಕೊಂಡು, ಆ ದೋಷ ಯಾವ ಕೆಲಸಕ್ಕೆ ಅಡ್ಡಿ, ಯಾವುದಕ್ಕೆ ಅಲ್ಲ ಎಂದು ಬಿಡಿಸಿ ನೋಡಿ, ಷರತ್ತು ಹಾಕಿ ಸೇರಿಸಿಕೊಳ್ಳುವುದು ಒಳ್ಳೆಯ ವಿನಾಯಿತಿಯ ಲಕ್ಷಣ. ಇಪ್ಪತ್ತೊಂಬತ್ತು ವರ್ಷಗಳ ನಂತರ ನಾರ್ಮಂಡಿ ದಾಳಿಯ ಸರ್ವೋಚ್ಚ ದಂಡನಾಯಕರಾಗಿದ್ದವರು ಅವರೇ.

ಮುಂದೆ ಅಧ್ಯಕ್ಷರಾದ ಜಾನ್ ಎಫ್. ಕೆನಡಿ ಅವರ ಪ್ರಕರಣ ಬೇರೆ ಬಗೆಯದು. ಬೆನ್ನುನೋವಿನಿಂದಾಗಿ ಭೂಸೇನೆಯ ಅಧಿಕಾರಿ ತರಬೇತಿಗೆ ಅವರು ಅನರ್ಹರಾದರು. ತಂದೆ ಜೋಸೆಫ್ ಕೆನಡಿ ಲಂಡನ್ನಿನಲ್ಲಿ ರಾಯಭಾರಿಯಾಗಿದ್ದಾಗ ಅಲ್ಲಿ ನೌಕಾ ಪ್ರತಿನಿಧಿಯಾಗಿದ್ದ ಅಲನ್ ಕರ್ಕ್, 1941ರಲ್ಲಿ ನೌಕಾ ಗುಪ್ತಚರ ವಿಭಾಗದ ಮುಖ್ಯಸ್ಥರಾಗಿದ್ದರು. ಅವರ ನೆರವಿನಿಂದ ಅದೇ ವರ್ಷ ನೌಕಾಪಡೆಯಲ್ಲಿ ಕಮಿಷನ್ ದೊರೆಯಿತು. 1943ರ ಆಗಸ್ಟ್‌ನಲ್ಲಿ ಸಾಲೊಮನ್ ದ್ವೀಪಗಳ ಬಳಿ ಜಪಾನಿನ ವಿಧ್ವಂಸಕ ನೌಕೆ ಅವರ ಪಿಟಿ-109 ದೋಣಿಯನ್ನು ಸೀಳಿದಾಗ ಕೆನಡಿ ಗಾಯಗೊಂಡ ಸಹಚರನನ್ನು ಎಳೆದುಕೊಂಡು ಈಜಿದರು. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಬೆನ್ನು ಇನ್ನಷ್ಟು ಕೆಟ್ಟಿತು. 1944ರಲ್ಲಿ, ಮತ್ತೆ 1954ರಲ್ಲಿ ಶಸ್ತ್ರಚಿಕಿತ್ಸೆ ಬೇಕಾಯಿತು. ಮೊದಲೇ ಇದ್ದ ದೋಷ ಕರ್ತವ್ಯದಿಂದ ಉಲ್ಬಣಿಸಬಾರದೆಂಬ ನಿಯಮ ಯಾರ ಹಿತಕ್ಕಾಗಿ ಇದೆಯೆಂಬುದು ಇಲ್ಲಿ ಕಾಣುತ್ತದೆ. ಪ್ರಭಾವವಿಲ್ಲದ ಮನೆಯ ಹುಡುಗನಿಗೆ ಇದೇ ಬೆನ್ನುನೋವು ಇದ್ದಿದ್ದರೆ ಕಡತ ಅಲ್ಲಿಗೇ ಮುಚ್ಚುತ್ತಿತ್ತು ಎಂಬುದೂ ಅಷ್ಟೇ ಸ್ಪಷ್ಟ.

ಇಂಥ ಅಸಮಾನತೆಗೆ ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ ಕಡಿವಾಣ ಬಿದ್ದದ್ದು 1972ರಲ್ಲಿ. ಎಲ್ಲ ಅಕಾಡೆಮಿಗಳಿಗೂ ಸಾಮಾನ್ಯವಾದ ರಕ್ಷಣಾ ಇಲಾಖೆಯ ವೈದ್ಯಕೀಯ ತಪಾಸಣಾ ಪರಿಶೀಲನಾ ಮಂಡಳಿ ಆಗ ಸ್ಥಾಪನೆಯಾಯಿತು. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಅಭ್ಯರ್ಥಿಗಳು ಅದನ್ನು ಡಾಡ್‌ಮರ್ಬ್ ಎಂದು ಕರೆಯುತ್ತಾರೆ. ಕಚೇರಿ ಕೊಲೊರಾಡೊದ ವಾಯುಪಡೆ ಅಕಾಡೆಮಿಯ ಆವರಣದಲ್ಲಿದೆ.

ಮಾನದಂಡಗಳೂ ಕಾಲಕಾಲಕ್ಕೆ ಬದಲಾಗಿವೆ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಜೀನ್ ಒಂದನ್ನು ಮಾತ್ರ ಹೊತ್ತ, ತಮಗೆ ಆ ಕಾಯಿಲೆಯಿಲ್ಲದ ಅಭ್ಯರ್ಥಿಗಳನ್ನು ವಾಯುಪಡೆ ಅಕಾಡೆಮಿ 1970ರ ದಶಕದಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ಅಕಾಡೆಮಿ ಸುಮಾರು 2,200 ಮೀಟರ್ ಎತ್ತರದಲ್ಲಿದೆ, ಆಮ್ಲಜನಕ ಕಡಿಮೆ, ಕಠಿಣ ಶ್ರಮದಲ್ಲಿ ಅಪಾಯವಾದೀತೆಂಬುದು ಕೊಟ್ಟ ಕಾರಣ. ಈ ಜೀನ್ ಹೊತ್ತವರಲ್ಲಿ ಹೆಚ್ಚಿನವರು ಕಪ್ಪುಜನರಾದ್ದರಿಂದ ನಿಷೇಧದ ಭಾರ ಒಂದೇ ಸಮುದಾಯದ ಮೇಲೆ ಬಿತ್ತು. ಮೊಕದ್ದಮೆ ಹೂಡಿದ ಮೇಲೆ 1981ರಲ್ಲಿ ಅದನ್ನು ಕೈಬಿಡಲಾಯಿತು. ಅಲ್ಲಿಯವರೆಗೆ ತಿರಸ್ಕೃತರಾದವರಿಗೆ ಬೇಕಿದ್ದದ್ದು ವಿನಾಯಿತಿ ಅಲ್ಲ, ನ್ಯಾಯವಾದ ನಿಯಮ.

ತಪಾಸಣೆಯ ಕ್ರಮ

ಅಕಾಡೆಮಿ, ಆರ್‌ಒಟಿಸಿ ವಿದ್ಯಾರ್ಥಿವೇತನ ಮತ್ತು ಸೇನಾ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದವರು ಡಾಡ್‌ಮರ್ಬ್ ಮೂಲಕ ಹೋಗುತ್ತಾರೆ. ಗುತ್ತಿಗೆಯ ಮೇಲಿರುವ ನಾಗರಿಕ ವೈದ್ಯರೊಬ್ಬರು ದೇಹ ತಪಾಸಣೆಯನ್ನೂ ನೇತ್ರ ಪರೀಕ್ಷಕರೊಬ್ಬರು ಕಣ್ಣಿನ ಪರೀಕ್ಷೆಯನ್ನೂ ಮಾಡುತ್ತಾರೆ. ಅಭ್ಯರ್ಥಿಗಳು ಹುಟ್ಟಿನಿಂದ ಈವರೆಗಿನ ಆರೋಗ್ಯದ ವಿವರವನ್ನು ನಮೂನೆಯಲ್ಲಿ ತುಂಬಬೇಕು. ಪದವಿ ಮುಗಿಸಿ ನೇರವಾಗಿ ಅಧಿಕಾರಿ ತರಬೇತಿ ಶಾಲೆಗೆ ಹೋಗುವವರ ತಪಾಸಣೆ ಸಾಮಾನ್ಯವಾಗಿ ಸೈನಿಕರನ್ನು ಸೇರಿಸಿಕೊಳ್ಳುವ ಕೇಂದ್ರಗಳಲ್ಲೇ ನಡೆಯುತ್ತದೆ.

ಮಂಡಳಿಯ ಉತ್ತರ ಮೂರು ಬಗೆ. ಅರ್ಹ, ಅನರ್ಹ, ಇಲ್ಲವೇ ಇನ್ನಷ್ಟು ಮಾಹಿತಿ ಬೇಕು. ಮೂರನೆಯದು ಬಂದಾಗ ಅನೇಕರು ಎದೆಗುಂದುತ್ತಾರೆ, ಕಾರಣವಿಲ್ಲ. ಹಳೆಯ ಆಸ್ಪತ್ರೆಯ ಕಾಗದವನ್ನೋ ಹೊಸ ಪರೀಕ್ಷೆಯನ್ನೋ ಕೇಳಿದ್ದಾರೆಂದಷ್ಟೇ ಅದರ ಅರ್ಥ. ಅಂಥ ಪತ್ರಕ್ಕೆ ಬೇಗ, ಕೇಳಿದ್ದಕ್ಕೆ ತಕ್ಕಷ್ಟು ಉತ್ತರಿಸುವುದು ಮುಖ್ಯ. ತಪಾಸಣೆಯ ಫಲಿತಾಂಶ ಎರಡು ವರ್ಷ ಮಾನ್ಯ.

ಅನರ್ಹತೆಯ ಟಿಪ್ಪಣಿ ತಪ್ಪು ಮಾಹಿತಿಯಿಂದ ಬಂದಿದ್ದರೆ, ಉದಾಹರಣೆಗೆ ಶ್ರವಣ ಪರೀಕ್ಷೆಯ ದಿನ ನೆಗಡಿಯಿಂದ ಕಿವಿ ಕಟ್ಟಿದ್ದರೆ, ಹೊಸ ವರದಿ ಕಳುಹಿಸಿ ನಿರ್ಣಯವನ್ನೇ ಪ್ರಶ್ನಿಸಬಹುದು. ಇದು ವಿನಾಯಿತಿಗಿಂತ ಭಿನ್ನ. ಗೆದ್ದರೆ ಅಭ್ಯರ್ಥಿ ನೇರವಾಗಿ ಅರ್ಹರ ಪಟ್ಟಿಗೆ ಸೇರುತ್ತಾರೆ, ವಿನಾಯಿತಿಯ ಮಾತೇ ಬರುವುದಿಲ್ಲ.

ವಿನಾಯಿತಿಯ ಅಧಿಕಾರ

ಡಾಡ್‌ಮರ್ಬ್‌ಗೆ ವಿನಾಯಿತಿ ಕೊಡುವ ಅಧಿಕಾರವಿಲ್ಲ. ಆ ಅಧಿಕಾರ ಅಭ್ಯರ್ಥಿಯನ್ನು ಸೇರಿಸಿಕೊಳ್ಳುವ ಸಂಸ್ಥೆಯದು. ಭೂಸೇನೆಯ ಆರ್‌ಒಟಿಸಿಯಲ್ಲಿ ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿರುವ ಕೆಡೆಟ್ ಕಮಾಂಡ್ ನಿರ್ಧರಿಸುತ್ತದೆ. ನೌಕಾಪಡೆಯ ಕಾರ್ಯಕ್ರಮಗಳಲ್ಲಿ ಅದರ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ಬ್ಯೂರೋ ಅಭಿಪ್ರಾಯ ಕೊಡುತ್ತದೆ. ಅಕಾಡೆಮಿಗಳು ತಮ್ಮ ವೈದ್ಯಾಧಿಕಾರಿಗಳ ಸಲಹೆ ಪಡೆದು ತೀರ್ಮಾನಿಸುತ್ತವೆ. ಹೀಗಾಗಿ ಒಂದೇ ಕಾಯಿಲೆಗೆ ವೆಸ್ಟ್ ಪಾಯಿಂಟ್ ವಿನಾಯಿತಿ ಕೊಟ್ಟು ಅನ್ನಾಪೊಲಿಸ್ ನಿರಾಕರಿಸಬಹುದು. ಎರಡು ಕಡೆ ಅರ್ಜಿ ಹಾಕಿದವರ ಕಡತ ಎರಡು ಕಡೆಯೂ ಪ್ರತ್ಯೇಕವಾಗಿ ಪರಿಶೀಲನೆಯಾಗುತ್ತದೆ.

ಅಭ್ಯರ್ಥಿ ವಿನಾಯಿತಿಗೆ ಅರ್ಜಿ ಬರೆದು ಹಾಕುವ ಪದ್ಧತಿ ಅಕಾಡೆಮಿಗಳಲ್ಲಿ ಇಲ್ಲ. ಅಂಕ, ಆಟ, ನಾಯಕತ್ವ, ಕಾಂಗ್ರೆಸ್ ಸದಸ್ಯರ ನಾಮನಿರ್ದೇಶನ ಎಲ್ಲ ನೋಡಿ, ಈ ಅಭ್ಯರ್ಥಿ ನಮಗೆ ಬೇಕು ಅನ್ನಿಸಿದರೆ ಸಂಸ್ಥೆಯೇ ವಿನಾಯಿತಿಯ ಪರಿಶೀಲನೆಯನ್ನು ಆರಂಭಿಸುತ್ತದೆ. ಆರ್‌ಒಟಿಸಿಯಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ ಮೇಲೆ ಈ ಹಂತ ಬರುತ್ತದೆ. ಆದ್ದರಿಂದ ವಿನಾಯಿತಿಯ ಸಾಧ್ಯತೆ ಹೆಚ್ಚಿಸಿಕೊಳ್ಳುವ ಪ್ರಯತ್ನ ಒಂದರ್ಥದಲ್ಲಿ ವೈದ್ಯರ ಕೊಠಡಿಯ ಹೊರಗೆ ನಡೆಯಬೇಕು: ಉಳಿದೆಲ್ಲ ವಿಷಯಗಳಲ್ಲಿ ಬಲವಾದ ಅರ್ಜಿಯೇ ಪರಿಶೀಲನೆಯ ಮೇಜಿಗೆ ಬರುತ್ತದೆ. ನಿರಾಕರಿಸಿದರೆ ಅಭ್ಯರ್ಥಿಗೆ ಹಕ್ಕಿನಿಂದ ಕೇಳುವ ಮೇಲ್ಮನವಿಯಿಲ್ಲ. ಹೊಸ ವೈದ್ಯಕೀಯ ಮಾಹಿತಿ ಇದ್ದರೆ ಮರುಪರಿಶೀಲನೆ ಕೋರಬಹುದು.

ಒಮ್ಮೆ ಸಿಕ್ಕ ವಿನಾಯಿತಿ ಎಲ್ಲ ಕೆಲಸಕ್ಕೂ ಸಲ್ಲುವುದಿಲ್ಲ. ಕಮಿಷನ್‌ಗೆ ವಿನಾಯಿತಿ ಪಡೆದವರು ಮುಂದೆ ವಿಮಾನ ಚಾಲನೆಗೋ ಜಲಾಂತರ್ಗಾಮಿಗೋ ಹೋಗಬೇಕೆಂದರೆ ಆ ಶಾಖೆಯ ಹೆಚ್ಚು ಕಠಿಣ ತಪಾಸಣೆಗೆ ಮತ್ತೆ ಒಳಗಾಗಬೇಕು.

ಆಸ್ತಮಾ

ವಿನಾಯಿತಿಯ ತರ್ಕವೂ ಅದರ ತೊಡಕೂ ಸ್ಪಷ್ಟವಾಗಿ ಕಾಣುವುದು ಆಸ್ತಮಾದಲ್ಲಿ. ನಿಯಮದ ಪ್ರಕಾರ 13ನೆಯ ಹುಟ್ಟುಹಬ್ಬದ ನಂತರ ಆಸ್ತಮಾ, ವ್ಯಾಯಾಮದಿಂದ ಬರುವ ಉಬ್ಬಸ ಅಥವಾ ಅದೇ ಬಗೆಯ ಶ್ವಾಸನಾಳದ ಕಾಯಿಲೆಯ ಇತಿಹಾಸವಿದ್ದರೆ ಅನರ್ಹತೆ. ಅದಕ್ಕೆ ಮುಂಚಿನ ಉಬ್ಬಸವನ್ನು ಬಾಲ್ಯದ್ದೆಂದು ಬಿಟ್ಟುಬಿಡುತ್ತಾರೆ. ಧೂಳು, ಹೊಗೆ, ಚಳಿಗಾಳಿ, ವಿಷಾನಿಲದ ಮುಖವಾಡ ಇವು ಸೇನೆಯಲ್ಲಿ ತಪ್ಪಿದ್ದಲ್ಲ; ಉಸಿರು ಕಟ್ಟಿದ ಅಧಿಕಾರಿ ತನ್ನನ್ನು ಮಾತ್ರವಲ್ಲ, ತನ್ನ ತುಕಡಿಯನ್ನೂ ಅಪಾಯಕ್ಕೆ ಒಡ್ಡಬಹುದು. ನಿಯಮದ ಹಿಂದಿನ ಕಾಳಜಿ ನಿಜವಾದದ್ದು.

ತೊಡಕಿರುವುದು ರೋಗನಾಮ ಅಂಟಿಕೊಳ್ಳುವ ರೀತಿಯಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಎದೆಕಫ ಕಟ್ಟಿ ತುರ್ತು ಚಿಕಿತ್ಸಾಲಯಕ್ಕೆ ಹೋದ ಹುಡುಗಿಗೆ ವೈದ್ಯರು ಮುನ್ನೆಚ್ಚರಿಕೆಯಾಗಿ ಇನ್ಹೇಲರ್ ಬರೆದು, ವಿಮೆಯ ಕಾಗದಕ್ಕಾಗಿ ಆಸ್ತಮಾ ಎಂದು ನಮೂದಿಸಿದರೆ, ಆ ನಮೂದು ಮೂರ್ನಾಲ್ಕು ವರ್ಷದ ಮೇಲೆ ಅವಳ ಅನರ್ಹತೆಯ ಕಾರಣವಾಗಬಹುದು. ಇನ್ಹೇಲರ್ ಮತ್ತೆ ಕೊಂಡಿಲ್ಲವೆಂಬುದಕ್ಕೆ ಔಷಧಿ ಅಂಗಡಿಯ ದಾಖಲೆ, ನಂತರದ ವರ್ಷಗಳಲ್ಲಿ ಉಬ್ಬಸಕ್ಕೆ ಚಿಕಿತ್ಸೆ ಪಡೆದಿಲ್ಲವೆಂಬುದಕ್ಕೆ ಕುಟುಂಬ ವೈದ್ಯರ ಟಿಪ್ಪಣಿ, ಓಟದ ಸ್ಪರ್ಧೆಗಳಲ್ಲಿ ಭಾಗವಹಿಸಿದ ವಿವರ ಇವೆಲ್ಲ ಕಡತವನ್ನು ಗಟ್ಟಿಗೊಳಿಸುತ್ತವೆ. ಆದರೂ ಹೆಚ್ಚಿನ ತೂಕ ಶ್ವಾಸಕೋಶದ ಪರೀಕ್ಷೆಗಳಿಗೆ.

ಮೊದಲನೆಯದು ಸ್ಪೈರೊಮೆಟ್ರಿ. ಪೂರ್ತಿ ಉಸಿರೆಳೆದು ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯನ್ನು ಅಳೆಯುತ್ತಾರೆ. ಆಸ್ತಮಾ ಬಂದು ಹೋಗುವ ಕಾಯಿಲೆಯಾದ್ದರಿಂದ ಇದು ಸರಿಯಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲು ಆಗದು. ಹಾಗಾಗಿ ಮೆಥಕೋಲಿನ್ ಪರೀಕ್ಷೆ ಕೇಳುವುದುಂಟು. ಮೆಥಕೋಲಿನ್ ಶ್ವಾಸನಾಳವನ್ನು ಸಂಕುಚಿಸುವ ರಾಸಾಯನಿಕ. ಅತಿ ತೆಳುವಾದ ದ್ರಾವಣದಿಂದ ಆರಂಭಿಸಿ ಹಂತಹಂತವಾಗಿ ಸಾಂದ್ರತೆ ಹೆಚ್ಚಿಸುತ್ತ ಉಸಿರಾಡಿಸಿ, ಪ್ರತಿ ಹಂತದಲ್ಲೂ ಸ್ಪೈರೊಮೆಟ್ರಿ ಮಾಡುತ್ತಾರೆ. ಒಂದು ಸೆಕೆಂಡಿನ ಗಾಳಿ ಶೇ. 20ರಷ್ಟು ಇಳಿಯುವ ಹಂತ ಯಾವುದೆಂಬುದೇ ಫಲಿತಾಂಶ. ಅಮೆರಿಕದ ಎದೆರೋಗ ತಜ್ಞರ ಸಂಘ 1999ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮಿಲಿಲೀಟರಿಗೆ 16 ಮಿಲಿಗ್ರಾಂ ದಾಟಿದರೂ ಇಳಿಯದಿದ್ದರೆ ಸಹಜ. 4ರಿಂದ 16ರ ನಡುವೆ ಇಳಿದರೆ ಗಡಿರೇಖೆ. 1ರಿಂದ 4ರ ನಡುವೆ ಸೌಮ್ಯ. 1ಕ್ಕಿಂತ ಕೆಳಗೆ ಮಧ್ಯಮದಿಂದ ತೀವ್ರ. 2017ರ ಯುರೋಪಿಯನ್ ಮಾರ್ಗಸೂಚಿ ಸಾಂದ್ರತೆಯ ಬದಲು ಒಳಸೇರಿದ ಒಟ್ಟು ಪ್ರಮಾಣವನ್ನು ಎಣಿಸುತ್ತದೆ. ಅಲ್ಲಿ 400 ಮೈಕ್ರೊಗ್ರಾಂ ಮೀರಿದರೆ ಸಹಜ. ವರದಿಯಲ್ಲಿ ಯಾವ ಅಳತೆ ಬಳಸಿದ್ದಾರೆಂದು ನೋಡಿಕೊಳ್ಳಬೇಕು. ಎರಡನ್ನೂ ಬೆರೆಸಿ ಓದಿದರೆ ಅರ್ಥವೇ ಕೆಡುತ್ತದೆ.

ಈ ಪರೀಕ್ಷೆಯ ಬಲ ಕಾಯಿಲೆ ಇಲ್ಲವೆಂದು ತೋರಿಸುವುದರಲ್ಲಿದೆ. ಸಹಜ ಫಲಿತಾಂಶ ಬಂದರೆ ಸದ್ಯ ಸಕ್ರಿಯ ಆಸ್ತಮಾ ಇರುವ ಸಾಧ್ಯತೆ ತೀರ ಕಡಿಮೆ. ಇಳಿಕೆ ಕಂಡರೆ ಮಾತ್ರ ಆಸ್ತಮಾ ಎಂದೇ ಹೇಳಲಾಗದು. ಮೂಗಿನ ಅಲರ್ಜಿ ಇರುವವರಲ್ಲಿ, ಧೂಮಪಾನಿಗಳಲ್ಲಿ, ಇತ್ತೀಚೆಗೆ ನೆಗಡಿ ಕೆಮ್ಮು ಬಂದು ಹೋದವರಲ್ಲಿ ಇಳಿಕೆ ಕಾಣಬಹುದು. ಶೀತ ಬಂದ ವಾರದಲ್ಲಿ ಈ ಪರೀಕ್ಷೆಗೆ ಹೋಗುವುದು ತನಗೆ ತಾನೇ ಅಡ್ಡಿ ತಂದುಕೊಂಡಂತೆ. ಇದನ್ನು ತಜ್ಞರ ಮೇಲ್ವಿಚಾರಣೆಯಲ್ಲಷ್ಟೇ ಮಾಡಬೇಕು. ಮಂಡಳಿ ಕೇಳುವ ಮೊದಲೇ ಆತುರಪಟ್ಟು ಮಾಡಿಸಿಕೊಳ್ಳುವುದರಿಂದ ಹಾನಿಯೇ ಹೆಚ್ಚು, ಏಕೆಂದರೆ ಬಂದ ಫಲಿತಾಂಶ ಏನೇ ಇರಲಿ ಕಡತ ಸೇರುತ್ತದೆ.

ಇತರ ಕಾರಣಗಳು

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಇದ್ದ ಮಾತ್ರಕ್ಕೆ ಅನರ್ಹತೆಯಲ್ಲ. 2018ರ ಮಾನದಂಡದಂತೆ ಹಿಂದಿನ 24 ತಿಂಗಳಲ್ಲಿ ಔಷಧ ಬರೆದುಕೊಟ್ಟಿದ್ದರೆ, 14ನೆಯ ಹುಟ್ಟುಹಬ್ಬದ ನಂತರ ಶಾಲೆಯಲ್ಲಿ ವಿಶೇಷ ಅನುಕೂಲ ಪಡೆದಿದ್ದರೆ, ಜೊತೆಗೆ ಬೇರೆ ಮಾನಸಿಕ ಕಾಯಿಲೆ ಇದ್ದರೆ, ಓದು ಅಥವಾ ಕೆಲಸ ಇದರಿಂದ ಕೆಟ್ಟ ದಾಖಲೆ ಇದ್ದರೆ ವಿನಾಯಿತಿ ಬೇಕು. ಖಿನ್ನತೆಯಲ್ಲಿ ಹಿಂದಿನ 36 ತಿಂಗಳಲ್ಲಿ ಲಕ್ಷಣ ಅಥವಾ ಚಿಕಿತ್ಸೆ, ಒಟ್ಟು 12 ತಿಂಗಳಿಗೂ ಮೀರಿದ ಆಪ್ತಸಮಾಲೋಚನೆ, ಒಳರೋಗಿಯಾಗಿ ಚಿಕಿತ್ಸೆ, ಮರುಕಳಿಸುವಿಕೆ ಇವು ಅನರ್ಹತೆಗೆ ಕಾರಣ.

ಈ ನಿಯಮಗಳಲ್ಲಿ ಒಂದು ಅನ್ಯಾಯ ಅಡಗಿದೆ. ತಂದೆತಾಯಿ ಗಮನಿಸಿ, ವೈದ್ಯರಲ್ಲಿಗೆ ಕರೆದೊಯ್ದು, ಶಾಲೆಯ ನೆರವು ಕೊಡಿಸಿದ ಮಗುವಿನ ಹೆಸರಿನಲ್ಲಿ ದಾಖಲೆ ಬೆಳೆಯುತ್ತದೆ. ಅದೇ ತೊಂದರೆಯನ್ನು ಯಾರೂ ಗಮನಿಸದೆ ಬಿಟ್ಟ ಮಗು ಯಾವ ಕಾಗದವೂ ಇಲ್ಲದೆ ಅರ್ಹವಾಗುತ್ತದೆ. ಮುಂದೆ ಅಕಾಡೆಮಿಗೆ ಅಡ್ಡಿಯಾದೀತೆಂದು ಹದಿಹರೆಯದವರು ಆಪ್ತಸಮಾಲೋಚನೆಯಿಂದ ದೂರ ಉಳಿಯುವ ಅಪಾಯವೂ ಇದೆ. ವಿನಾಯಿತಿ ಕೊಡುವವರು ಸಕಾಲದಲ್ಲಿ ಪಡೆದ ಚಿಕಿತ್ಸೆಯನ್ನು ವಿವೇಕದ ಗುರುತಾಗಿ ನೋಡಬೇಕು. ಚಿಕಿತ್ಸೆ ಬೇಕಾದ ಮಗುವಿಗೆ ಅದನ್ನು ತಪ್ಪಿಸಲು ಯಾವ ಕಮಿಷನ್ನೂ ಸಾಕಾದ ಕಾರಣವಲ್ಲ.

ಕಣ್ಣಿನಲ್ಲಿ 8 ಡಯಾಪ್ಟರ್ ಮೀರಿದ ದೃಷ್ಟಿದೋಷ ಅನರ್ಹತೆ ತರುತ್ತದೆ. ಲೇಸಿಕ್ ಮಾಡಿಸಿಕೊಂಡವರು ಕನಿಷ್ಠ 180 ದಿನ ಕಾಯಬೇಕು. ಶಸ್ತ್ರಚಿಕಿತ್ಸೆಗೆ ಮುಂಚಿನ ದೋಷವೂ ಅದೇ ಮಿತಿಯೊಳಗೆ ಇದ್ದಿರಬೇಕು. ಆದ್ದರಿಂದ ಮುಂಚಿನ ಕನ್ನಡಕದ ಚೀಟಿ ಕಳೆದುಕೊಳ್ಳಬಾರದು. ಬಣ್ಣ ಗುರುತಿಸುವ ಸಾಮರ್ಥ್ಯದ ವಿಷಯದಲ್ಲಿ ನೌಕಾ ಅಕಾಡೆಮಿ ಕಟ್ಟುನಿಟ್ಟು. ರಾತ್ರಿ ಎದುರು ಬರುವ ಹಡಗಿನ ಎಡಬದಿಯ ಕೆಂಪು ದೀಪವನ್ನೂ ಬಲಬದಿಯ ಹಸಿರು ದೀಪವನ್ನೂ ಬೇರ್ಪಡಿಸಿ ಕಾಣದವರು ಅದು ಯಾವ ಕಡೆಗೆ ಸಾಗುತ್ತಿದೆ ಎಂದು ತಿಳಿಯಲಾರರು. ಅಲ್ಲಿ ಈ ದೋಷಕ್ಕೆ ಕೆಲವೇ ವಿನಾಯಿತಿಗಳು ಸಿಗುತ್ತವೆ.

ಆಹಾರದಿಂದ ತೀವ್ರ ಅಲರ್ಜಿ, ಸೀಲಿಯಾಕ್ ಕಾಯಿಲೆ, ಮಂಡಿಯ ಅಸ್ಥಿರಜ್ಜು ಶಸ್ತ್ರಚಿಕಿತ್ಸೆ, ನೋವು ಕೊಡುವ ಚಪ್ಪಟೆ ಪಾದ ಇವೂ ಆಗಾಗ ಎದುರಾಗುತ್ತವೆ. ಮಂಡಿ ಪೂರ್ತಿ ವಾಸಿಯಾಗಿ ಮೈದಾನಕ್ಕೆ ಮರಳಿದವರಿಗೆ ವಿನಾಯಿತಿಯ ಸಾಧ್ಯತೆ ಒಳ್ಳೆಯದು. ಶೇಂಗಾ ತಿಂದರೆ ಪ್ರಾಣಕ್ಕೆ ಕುತ್ತು ಬರುವವರಿಗೆ ಕಡಿಮೆ, ಏಕೆಂದರೆ ರಣರಂಗದಲ್ಲಿ ಊಟವನ್ನು ಆಯ್ದುಕೊಳ್ಳಲು ಬರುವುದಿಲ್ಲ.

2022ರಲ್ಲಿ ರಕ್ಷಣಾ ಇಲಾಖೆ 38 ಕಾಯಿಲೆಗಳಿಗೆ ಪ್ರಾಯೋಗಿಕ ಸಡಿಲಿಕೆ ತಂದಿತು. ಇಂತಿಷ್ಟು ವರ್ಷ ಲಕ್ಷಣ, ಚಿಕಿತ್ಸೆ ಇಲ್ಲದಿದ್ದರೆ ಅವುಗಳಿಗೆ ವಿನಾಯಿತಿಯೇ ಬೇಡ. 2025ರ ಜುಲೈನಲ್ಲಿ ಇನ್ನೊಂದು ತುದಿಯನ್ನು ಬಿಗಿ ಮಾಡಿ, ಹೃದಯ ವೈಫಲ್ಯ, ಮಲ್ಟಿಪಲ್ ಸ್ಕ್ಲೆರೋಸಿಸ್, ಸಿಸ್ಟಿಕ್ ಫೈಬ್ರೋಸಿಸ್ ಮೊದಲಾದವುಗಳಿಗೆ ವಿನಾಯಿತಿಯೇ ಇಲ್ಲವೆಂದು ಆದೇಶಿಸಲಾಯಿತು.

ಮುಚ್ಚಿಡುವ ಪ್ರಶ್ನೆ

ಹೇಳದಿದ್ದರೆ ಯಾರಿಗೂ ಗೊತ್ತಾಗದು ಎಂಬ ಸಲಹೆ ಹಿಂದೆ ಪಿಸುಮಾತಿನಲ್ಲಿ ಓಡಾಡುತ್ತಿತ್ತು. 2022ರಿಂದ ಸೇನಾ ಸೇರ್ಪಡೆ ಕೇಂದ್ರಗಳಲ್ಲಿ ಎಂಎಚ್‌ಎಸ್ ಜೆನೆಸಿಸ್ ಎಂಬ ವಿದ್ಯುನ್ಮಾನ ದಾಖಲೆ ವ್ಯವಸ್ಥೆ ಬಂದ ಮೇಲೆ ಅಭ್ಯರ್ಥಿಯ ನಾಗರಿಕ ಆಸ್ಪತ್ರೆ, ಔಷಧಿ ಅಂಗಡಿಗಳ ವಿವರ ವೈದ್ಯರ ಕಣ್ಣೆದುರಿಗೇ ಬರುತ್ತದೆ. ಇದರಿಂದ ಪರಿಶೀಲನೆ ನಿಧಾನವಾಯಿತು, ವಿನಾಯಿತಿ ಬೇಕಾದವರ ಸಂಖ್ಯೆ ಏರಿತು. ತಿಳಿದೂ ಸುಳ್ಳು ಹೇಳಿ ಕಮಿಷನ್ ಪಡೆಯುವುದು ಅಮೆರಿಕದ ಸೇನಾ ದಂಡಸಂಹಿತೆಯ 104ಎ ವಿಧಿಯಡಿ ಅಪರಾಧ. ಅದಕ್ಕಿಂತ ದೊಡ್ಡ ಮಾತೆಂದರೆ, ಹೇಳಿಕೊಂಡ ಕಾಯಿಲೆಗೆ ವಿನಾಯಿತಿ ಸಿಕ್ಕೀತು; ಮುಚ್ಚಿಟ್ಟು ಸಿಕ್ಕಿಬಿದ್ದ ಮೇಲೆ ಪ್ರಶ್ನೆ ಆರೋಗ್ಯದ್ದಾಗಿ ಉಳಿಯದೆ ಶೀಲದ್ದಾಗುತ್ತದೆ. ಅದಕ್ಕೆ ವಿನಾಯಿತಿ ಕೊಡುವ ಕಚೇರಿಯಿಲ್ಲ.

ಭಾರತದಲ್ಲಿ ಬಾಲ್ಯ ಕಳೆದವರು

ಕರ್ನಾಟಕದಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಅಲ್ಲಿನ ಪೌರತ್ವ ಪಡೆದು ಅಕಾಡೆಮಿಗೆ ಅರ್ಜಿ ಹಾಕುವ ಕನ್ನಡಿಗರ ಮಕ್ಕಳಿಗೆ ಎರಡು ಸಂಗತಿ ಮುಖ್ಯ. ಭಾರತದಲ್ಲಿ ಹುಟ್ಟಿದಾಗಲೇ ಕೊಡುವ ಬಿಸಿಜಿ ಲಸಿಕೆಯಿಂದ ಚರ್ಮದ ಮೇಲಿನ ಕ್ಷಯ ಪರೀಕ್ಷೆ ಸೋಂಕಿದೆಯೆಂದು ತಪ್ಪಾಗಿ ತೋರಬಹುದು. ಇಂಟರ್‌ಫೆರಾನ್ ಗಾಮಾ ಆಧಾರಿತ ರಕ್ತಪರೀಕ್ಷೆಗೆ ಬಿಸಿಜಿಯ ಅಡ್ಡಿಯಿಲ್ಲ, ಆದ್ದರಿಂದ ಅದನ್ನು ಮಾಡಿಸುವುದು ಲೇಸು. ಸುಪ್ತ ಕ್ಷಯ ನಿಜವಾಗಿಯೇ ಇದ್ದರೆ ಚಿಕಿತ್ಸೆ ಪೂರ್ಣಗೊಳಿಸಿದ ದಾಖಲೆ ಒದಗಿಸಿದವರಿಗೆ ಅದು ತಡೆಯಾಗುವುದಿಲ್ಲ.

ಎರಡನೆಯದು ಹಳೆಯ ಕಾಗದ. ತಾಯಿ ಕಾರ್ಡ್, ಲಸಿಕೆಯ ಪುಸ್ತಕ, ಊರಿನ ಡಾಕ್ಟರು ಬರೆದುಕೊಟ್ಟ ಚೀಟಿಗಳು ಎಷ್ಟೋ ಮನೆಗಳಲ್ಲಿ ಕಳೆದುಹೋಗಿರುತ್ತವೆ. ಇದ್ದರೂ ಅವುಗಳಲ್ಲಿ ವೀಸಿಂಗ್ ಎಂದೋ ಅಲರ್ಜಿ ಕೆಮ್ಮು ಎಂದೋ ಒಂದು ಪದ, ಕೆಳಗೆ ಔಷಧದ ಹೆಸರು, ಅಷ್ಟೇ. ಅಂಥ ಚೀಟಿಯ ದಿನಾಂಕ 13ನೆಯ ಹುಟ್ಟುಹಬ್ಬಕ್ಕೆ ಮುಂಚಿನದೆಂದು ತೋರಿಸಬಲ್ಲುದಾದರೆ ಅದು ಬೆಲೆಯುಳ್ಳ ಸಾಕ್ಷ್ಯ.

ಭಾರತದ ಪದ್ಧತಿ

ಭಾರತದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಡೆಹ್ರಾಡೂನ್‌ನ ಮಿಲಿಟರಿ ಅಕಾಡೆಮಿ, ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿ ಮೊದಲಾದವುಗಳಿಗೆ ಸೇವಾ ಆಯ್ಕೆ ಮಂಡಳಿಯಲ್ಲಿ (ಎಸ್‌ಎಸ್‌ಬಿ) ಶಿಫಾರಸಾದವರನ್ನು ವಿಶೇಷ ವೈದ್ಯಕೀಯ ಮಂಡಳಿ ತಪಾಸಣೆ ಮಾಡುತ್ತದೆ. ಅನರ್ಹರೆಂದಾದವರು 42 ದಿನಗಳೊಳಗೆ ಮೇಲ್ಮನವಿ ಮಂಡಳಿಯ ಮುಂದೆ ಹೋಗಬಹುದು. ಅಲ್ಲೂ ನಿರಾಕರಣೆಯಾದರೆ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗಳ ಮಹಾನಿರ್ದೇಶಕರಿಗೆ ಪುನರ್‌ಪರಿಶೀಲನೆ ಕೋರಬಹುದು. ಅದು ಹಕ್ಕಲ್ಲ, ಮಹಾನಿರ್ದೇಶಕರ ವಿವೇಚನೆಗೆ ಬಿಟ್ಟದ್ದು. ಈ ಮಂಡಳಿಗಳು ದೋಷ ಇದೆಯೇ ಇಲ್ಲವೇ ಎಂದು ಮತ್ತೆ ನೋಡುತ್ತವೆ. ಇರುವ ದೋಷವನ್ನು ಮನ್ನಿಸಿ ಸೇರಿಸಿಕೊಳ್ಳುವ ಅಮೆರಿಕದ ರೀತಿಯ ಅವಕಾಶ ಸಾಮಾನ್ಯವಾಗಿ ಇಲ್ಲ. ಸಡಿಲಿಕೆಗಳು ನಿಯಮದೊಳಗೇ ಬರೆದಿಟ್ಟಂಥವು: ಗೂರ್ಖಾಗಳಿಗೆ, ಈಶಾನ್ಯದ ಗುಡ್ಡಗಾಡಿನವರಿಗೆ, ಗಢವಾಲ ಕುಮಾವೂಂ ಜನರಿಗೆ ಎತ್ತರದಲ್ಲಿ 5 ಸೆಂಟಿಮೀಟರ್, ಲಕ್ಷದ್ವೀಪದವರಿಗೆ 2 ಸೆಂಟಿಮೀಟರ್.

ವಾಯುಪಡೆಯ ಚಾಲಕ ಶಾಖೆಗೆ ಆಯ್ಕೆಯಾದವರನ್ನು ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ ಅಥವಾ ದೆಹಲಿಯ ವಾಯುಪಡೆ ಕೇಂದ್ರದಲ್ಲಿ ಪರೀಕ್ಷಿಸುತ್ತಾರೆ. ಕಾಲಿನ ಉದ್ದ, ತೊಡೆಯ ಉದ್ದ, ಕುಳಿತಾಗಿನ ಎತ್ತರ ಇವನ್ನೂ ಅಲ್ಲಿ ಅಳೆಯುತ್ತಾರೆ. ವಿಮಾನದ ಆಸನಕ್ಕೆ ಹೊಂದದ ಕಾಲಿನ ಅಳತೆ ಕಾಯಿಲೆಯಲ್ಲವಾದ್ದರಿಂದ, ಆ ಕಾರಣಕ್ಕಾಗಿ ಚಾಲಕ ಶಾಖೆ ತಪ್ಪಿದವರು ನೆಲದ ಮೇಲಿನ ಶಾಖೆಗಳಿಗೆ ಪ್ರಯತ್ನಿಸಬಹುದು.